ಹನ್ನೆರಡು ಗಂಟೆಯ ತುತ್ತು

“ಕಾಲಿನ ಕಡೆ ಎತ್ತಿ! ತಲೆ ಕಡೆ ಅಲ್ಲ, ಕಾಲಿನ ಕಡೆ!”

ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರು ಸಿಕ್ಕಿಕೊಂಡಿತ್ತು. ಹೊತ್ತಿದ್ದ ನಾಲ್ವರೂ ಪೈಪು ಕಾರ್ಖಾನೆಯವರು. ಇಪ್ಪತ್ತಡಿಯ ಪೈಪುಗಳನ್ನು ಇದಕ್ಕಿಂತ ಇಕ್ಕಟ್ಟಿನಲ್ಲಿ ತಿರುಗಿಸಿದ ಕೈಗಳು ಇವತ್ತು ಒಂದೊಂದು ಕಡೆ ಎಳೆಯುತ್ತಿದ್ದವು. ಗೋಡೆಗೆ ಬೆನ್ನು ಒತ್ತಿ ನಿಂತು ದಾರಿ ಹೇಳುತ್ತಿದ್ದ, ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಲೇತ್ ಮಾವನಿಗೆ ಕೊನೆಗೆ ಸಿಟ್ಟೇ ಬಂತು.

“ನಾನೂರು ಜನರ ಸೂಪಿನ ಪಾತ್ರೆನ ಇವಳೂ ಇನ್ನೊಬ್ಬಳೂ ಸೇರಿ ಇಳಿಸ್ತಿದ್ರು. ಒಂದು ತೊಟ್ಟು ಚೆಲ್ತಿರ್ಲಿಲ್ಲ. ನೀವು ನಾಲ್ಕು ಜನ ಗಂಡಸರು! ಇನ್ನೊಂದು ನಿಮಿಷ ಹೀಗೇ ನಿಂತ್ರೆ ಎದ್ದು ತಾನೇ ನಡ್ಕೊಂಡು ಹೋಗ್ತಾಳೆ ನೋಡಿ.”

ಮೇಲಿನ ಮೆಟ್ಟಿಲಲ್ಲಿ ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಕಾಲಿನ ಕಡೆ ಎತ್ತಿದರು. ಸೌಟಕ್ಕ ತಿರುವು ದಾಟಿ ಇಳಿದಳು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತಾರು ವರ್ಷ ಅಡುಗೆ ಮಾಡಿದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಹಿಂದಿನ ದಿನ ಬೆಳಿಗ್ಗೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಲ್ಲಿಯೇ ಹೃದಯ ನಿಂತಿತ್ತು. ಅರವತ್ತಾರು ವಯಸ್ಸು. ಹನ್ನೆರಡು ವರ್ಷದ ಹಿಂದೆ ಬಂದು ಹೋಗಿದ್ದ ಕ್ಯಾನ್ಸರಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ವೈದ್ಯರು ಮಗಳಿಗೆ ಹೇಳಿದ್ದರು.

ಅಂಗಳದಲ್ಲಿ ಆಗಲೇ ಐವತ್ತು ಜನ ಸೇರಿದ್ದರು. ಹೆಚ್ಚಿನವರು ಕಾರ್ಖಾನೆಯವರು, ಎಣ್ಣೆಕಲೆಯ ಅಂಗಿಯಲ್ಲೇ ಬಂದವರು, ಎರಡು ಗಂಟೆಯ ಪಾಳಿಗೆ ಓಡಬೇಕಾದವರು. ಇನ್ನೊಂದಿಷ್ಟು ಜನ ಕಾಂಪೌಂಡ್ ಗೋಡೆಯ ನೆರಳಲ್ಲಿ ಬೇರೆಯಾಗಿ ನಿಂತಿದ್ದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡವರು, ಒಂದು ಕೆನ್ನೆ ಕುಸಿದವರು, ಎರಡು ಮಾತಿಗೊಂದು ಸಲ ಬಾಟಲಿಯಿಂದ ನೀರು ಗುಟುಕರಿಸುವವರು.

“ಅವರೆಲ್ಲ ಯಾರೇ?” ಎಂದು ಚಿಕ್ಕಮ್ಮ ಕೇಳಿದಳು. ಸತ್ತವಳ ತಂಗಿ. ಕಣ್ಣು ಅತ್ತು ಕೆಂಪಾಗಿದ್ದರೂ ನಾಲಿಗೆ ಎಂದಿನಂತೆ ಚುರುಕಾಗಿತ್ತು.

“ಅಮ್ಮನ ಆಸ್ಪತ್ರೆಯವರು,” ಎಂದಳು ಮಗಳು.

“ಓ, ಬೆಂಚಿನವರು! ಹನ್ನೆರಡು ವರ್ಷ, ವಾರಕ್ಕೆ ಮೂರು ದಿನ ಆ ಆಸ್ಪತ್ರೆ ಬೆಂಚಿನ ಮೇಲೆ ರೋಗಿಗಳ ಜೊತೆ ಹೋಗಿ ಕೂತ್ಲು ನಿಮ್ಮಮ್ಮ. ಯಾರು ಕರೆದ್ರು? ಯಾರೂ ಇಲ್ಲ. ಮೊಣಕಾಲು ನೋವು, ಒಂದು ದಿನ ಬಾ ಅಂತ ನಾನು ಅಂದ್ರೆ, ‘ಇವತ್ತು ಕಿರಣ ಚಿಕಿತ್ಸೆಯ ಐದನೇ ವಾರದವರು ಬರ್ತಾರೆ ಕಣೇ’ ಅಂದ್ಲು. ಒಡಹುಟ್ಟಿದವಳಿಗಿಂತ ಐದನೇ ವಾರದವರು ಹೆಚ್ಚಾದ್ರು.”

ಇದೇ ಮಾತನ್ನು ಮಗಳೂ ಬೇರೆ ಬೇರೆ ರೀತಿಯಲ್ಲಿ ತಾಯಿಗೆ ಹೇಳಿದ್ದುಂಟು. ಸಿಟಿ ಬಸ್ಸು ಓಡಿಸುವ ಅವಳಿಗೆ ವಾರಕ್ಕೆ ಒಂದೇ ರಜೆ. ಆ ದಿನವೂ ತಾಯಿ ಬೆಂಚಿಗೆ ಹೊರಟರೆ ಕೋಪ ಬರದೆ ಏನಾದೀತು?

ವ್ಯಾನಿನ ಡ್ರೈವರು ಹತ್ತಿರ ಬಂದು ದನಿ ತಗ್ಗಿಸಿದ. “ಮೇಡಂ, ಹನ್ನೆರಡಕ್ಕೆ ಸರಿಯಾಗಿ ಹೊರಡ್ಬೇಕು. ಸ್ಮಶಾನದಲ್ಲಿ ಹನ್ನೆರಡೂವರೆಗೆ ನಮ್ಮ ಸರದಿ. ತಪ್ಪಿದ್ರೆ ಆಮೇಲೆ ಮೂರೂವರೆಗೇ.”

“ಗೊತ್ತು. ಟೈಮಿನ ವಿಷಯ ನನಗೆ ಹೇಳ್ಬೇಡಿ, ನಾನೂ ಡ್ರೈವರೇ,” ಎಂದಳು ಮಗಳು.

ಅಷ್ಟರಲ್ಲಿ ಗೋಡೆಯ ನೆರಳಿನಿಂದ ಒಬ್ಬ ಮುಂದೆ ಬಂದ. ನಲವತ್ತರ ಆಸುಪಾಸು, ಅಂಗಿ ಎರಡು ಅಳತೆ ದೊಡ್ಡದಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಹೆಗಲಲ್ಲಿ ಬಟ್ಟೆಯ ಚೀಲ. ಅವನು ಸೌಟಕ್ಕನ ಕಾಲಿನ ಬಳಿ ಸ್ವಲ್ಪ ಹೊತ್ತು ನಿಂತು, ಮಗಳ ಕಡೆ ತಿರುಗಿ ತುಟಿ ಅಲುಗಿಸದೆ ಎರಡು ಮಾತು ಹೇಳಿದ.

“ನಾಳೆ ಹೋಗಲ್ಲ.”

ಮಗಳಿಗೆ ಅರ್ಥವಾಗಲಿಲ್ಲ. ಹೆಂಡತಿ ಬಿಡಿಸಿ ಹೇಳಿದಳು. ಅವನು ವಾಚು ರಿಪೇರಿ ಮಾಡುವವನು. ಗಂಟಲಲ್ಲಿ ಗಡ್ಡೆ. ಮೂವತ್ತಮೂರು ದಿನದ ಕಿರಣ ಚಿಕಿತ್ಸೆಯಲ್ಲಿ ಇಪ್ಪತ್ತನಾಲ್ಕು ಮುಗಿದಿತ್ತು, ಒಂಬತ್ತು ಉಳಿದಿತ್ತು. ಬಾಯಿಯೆಲ್ಲ ಹುಣ್ಣು.

“ನಿನ್ನೆ ಸುದ್ದಿ ಬಂದಾಗಿಂದ ಅರ್ಧ ಲೋಟ ಹಾಲು ಬಿಟ್ರೆ ಏನೂ ಇಲ್ಲ. ಏಳು ಕಿಲೋ ಇಳಿದಿದಾರೆ. ನಾಳೆ ತೂಕ ನೋಡಿ, ಇನ್ನೂ ಇಳಿದಿದ್ರೆ ಮೂಗಿನಿಂದ ನಳಿಗೆ ಹಾಕ್ತೀವಿ ಅಂದಿದಾರೆ ಡಾಕ್ಟ್ರು. ಇವರು ಆಸ್ಪತ್ರೆಗೇ ಹೋಗಲ್ಲ, ಸಾಕು ಅಂತಾರೆ. ನಡುವೆ ಬಿಟ್ರೆ ರೋಗ ಮತ್ತೆ ತಲೆ ಎತ್ತುತ್ತೆ ಅಂತ ನಿಮ್ಮ ಅಮ್ಮಾವ್ರು ಅಷ್ಟು ಹೇಳಿದ್ರು. ‘ನಳಿಗೆ ಹಾಕಿಸ್ಕೊಂಡ್ರೆ ಸೋತ ಹಾಗಲ್ಲ, ಎದ್ದು ಹೋದ್ರೆ ಮಾತ್ರ ಸೋತ ಹಾಗೆ’ ಅನ್ನೋರು. ಇವರು ಕೇಳ್ತಿದ್ದಿದ್ದು ಅವರೊಬ್ಬರ ಮಾತು.” ಅವಳು ಸ್ಟ್ರೆಚರಿನ ಕಡೆ ನೋಡಿದಳು. “ಈಗ ನಾನು ಯಾರನ್ನ ಕರ್ಕೊಂಬರ್ಲಿ?”

ಗಂಡ ಅವಳ ತೋಳು ಮುಟ್ಟಿ ಸುಮ್ಮನಿರು ಎಂಬಂತೆ ಸನ್ನೆ ಮಾಡಿದ. ಕುರ್ಚಿಯೊಂದನ್ನು ತಂದು ಅವನನ್ನು ಕೂರಿಸಿದರು.

*

ಸೌಟಕ್ಕನಿಗೆ ನಾಲಿಗೆಯ ಬುಡದಲ್ಲಿ ಗಂಟು ಸಿಕ್ಕಿದಾಗ ಮಗಳಿಗೆ ಇಪ್ಪತ್ತನಾಲ್ಕು. ಮೊದಲ ಎರಡು ವಾರ ಆಕೆ ಚಿಕಿತ್ಸೆ ಮುಗಿಸಿ ನೇರ ಕ್ಯಾಂಟೀನಿಗೇ ಹೋದಳು. ಮೂರನೇ ವಾರ ಬಾಯಿ ಕೆಂಪಾಯಿತು. ನಾಲ್ಕನೇ ವಾರ ಒಡೆಯಿತು. ನೀರು ಕುಡಿದರೆ ಗಾಜಿನ ಚೂರು ನುಂಗಿದ ಹಾಗೆ.

ಆಸ್ಪತ್ರೆಯಲ್ಲಿ ಬಾಯಿ ಮರಗಟ್ಟಿಸುವ ಔಷಧಿ ಕೊಟ್ಟರು. ಎರಡು ನಿಮಿಷ ಬಾಯಲ್ಲಿ ತಿರುಗಿಸಿ ಉಗುಳಬೇಕು. ಆಮೇಲೆ ಅರ್ಧ ಗಂಟೆ ನೋವು ದೂರ ಇರುತ್ತದೆ. ಅಷ್ಟರಲ್ಲಿ ತಿಂದು ಮುಗಿಸಬೇಕು. ಮತ್ತೆ ನಾಲ್ಕು ಗಂಟೆ ಕಳೆಯುವವರೆಗೆ ಅದನ್ನು ಮುಟ್ಟುವಂತಿಲ್ಲ.

ಔಷಧಿ ಬಂದ ಮೊದಲ ದಿನವೇ ಆಕೆ ಒಂದು ಅವಾಂತರ ಮಾಡಿಕೊಂಡಳು. ಅಡುಗೆಯವರಲ್ಲದೆ ಬೇರೆ ಯಾರೂ ಮಾಡುವಂಥದ್ದಲ್ಲ. ಒಲೆಯ ಮೇಲೆ ಏನು ಕುದಿಯುತ್ತಿದ್ದರೂ ಸೌಟು ಅದ್ದಿ ನಾಲಿಗೆಗೆ ಮುಟ್ಟಿಸುವುದು ಆಕೆಯ ಕೈಗೆ ಅಂಟಿದ ಅಭ್ಯಾಸ. ಮಗಳು ಸೂಪು ಕುದಿಸುತ್ತಿದ್ದಳು. ಬಾಯಿ ಮರಗಟ್ಟಿಸಿಕೊಂಡು ಬಂದ ಸೌಟಕ್ಕ, ಕುದಿಯುವ ಪಾತ್ರೆಗೆ ಸೌಟು ಅದ್ದಿ ಬಾಯಿಗೆ ಸುರಿದುಕೊಂಡಳು. ಏನೂ ತಿಳಿಯಲಿಲ್ಲ. “ಉಪ್ಪು ಕಮ್ಮಿ,” ಎಂದಳು. ಮರಗಟ್ಟು ಇಳಿದಾಗ ನಾಲಿಗೆಯ ಸಿಪ್ಪೆ ಎದ್ದಿತ್ತು.

ಮಗಳು ಸೌಟನ್ನೇ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. “ಇನ್ಮೇಲೆ ಒಲೆ ಹತ್ರ ಬರ್ಕೂಡ್ದು ನೀನು.” ಎಲ್ಲವನ್ನೂ ತಣಿಸಿ ಕೊಟ್ಟಳು. ಹುಳಿ, ಖಾರ, ಗರಿಗರಿ ಯಾವುದೂ ಇಲ್ಲ. ಹಾಲಲ್ಲಿ ನುಣ್ಣಗೆ ಕಲಸಿದ ಆಲೂಗಡ್ಡೆ, ಬೆಣ್ಣೆ, ಮೊಟ್ಟೆ. ಸ್ಟೀಲಿನ ಚಮಚ ತುಕ್ಕಿನ ರುಚಿ ಕೊಡುತ್ತದೆ ಎಂದಾಗ ಪ್ಲಾಸ್ಟಿಕ್ಕಿನದು. ದಿನಕ್ಕೆ ಐದಾರು ಸಲ ಉಪ್ಪು, ಅಡುಗೆ ಸೋಡ ಬೆರೆಸಿದ ನೀರಲ್ಲಿ ಬಾಯಿ ಮುಕ್ಕಳಿಸುವುದು. ಇಷ್ಟೆಲ್ಲ ಮಾಡಿಕೊಟ್ಟರೂ ಸೌಟಕ್ಕ ಬಟ್ಟಲನ್ನು ದೂರ ತಳ್ಳಿದಳು.

“ಹಸಿವೇ ಇಲ್ಲ ಕಣೇ. ಹಸಿವಿಲ್ಲದೆ ಹ್ಯಾಗೆ ತಿನ್ನಲಿ?”

ಮಗಳಿಗೆ ಸಿಟ್ಟು ಬಂತು. ಬೇಡಿಕೊಳ್ಳಲು ಬಾಯಿ ಬರಲಿಲ್ಲ, ಬೈಯಲೂ ಆಗಲಿಲ್ಲ. ಬಟ್ಟಲನ್ನು ತಾಯಿಯ ಮುಂದೆ ಮತ್ತೆ ಇಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು, ಕೈಕಟ್ಟಿ ಕೂತಳು. ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ. ಸೌಟಕ್ಕ ಗೋಡೆ ಗಡಿಯಾರ ನೋಡಿದಳು, ಮಗಳನ್ನು ನೋಡಿದಳು, ಚಮಚ ಎತ್ತಿದಳು.

ಮಾರನೆಯ ದಿನ ಆಕೆಯೇ ಅಡುಗೆಮನೆಯ ಬಾಗಿಲಿಗೆ ಚೀಟಿ ಅಂಟಿಸಿದಳು. ಆರು, ಒಂಬತ್ತು, ಹನ್ನೆರಡು, ಮೂರು, ಆರು, ಒಂಬತ್ತು. ಕ್ಯಾಂಟೀನಿನ ಪಾಳಿಪಟ್ಟಿಯ ಹಾಗೆ. ಕೇಳಿದವರಿಗೆ, “ಹಸಿವು ರಜೆ ಹಾಕಿದೆ. ಗಡಿಯಾರ ಹಾಕಿಲ್ಲವಲ್ಲ,” ಎನ್ನುತ್ತಿದ್ದಳು. ಆರು ಹೊತ್ತಿಗೂ ಔಷಧಿ ಇಲ್ಲ. ಅದಿದ್ದ ಹೊತ್ತಿಗೆ ಬಟ್ಟಲು, ಇಲ್ಲದ ಹೊತ್ತಿಗೆ ತಣ್ಣನೆ ಹಾಲು. ಆದರೆ ಒಂದು ಹೊತ್ತನ್ನೂ ಆಕೆ ತಪ್ಪಿಸಲಿಲ್ಲ.

*

ಅಂಗಳದಲ್ಲಿ ಲೇತ್ ಮಾವ ಕಥೆ ಹೇಳುತ್ತಿದ್ದರು. ಸಾವಿನ ಮನೆಯಲ್ಲಿ ಯಾರಾದರೊಬ್ಬರು ಮಾತಾಡದಿದ್ದರೆ ಉಳಿದವರಿಗೆ ಉಸಿರುಕಟ್ಟುತ್ತದೆ ಎಂಬುದು ಅವರಿಗೆ ಗೊತ್ತು.

“ವಾಸಿಯಾಗಿ ಮೂರು ತಿಂಗಳಿಗೆ ಕೆಲಸಕ್ಕೆ ಬಂದ್ಲು. ಹುಣ್ಣೆಲ್ಲ ಮಾಯ. ಆದ್ರೆ ನಾಲಿಗೆಗೆ ರುಚಿ ವಾಪಸ್ ಬಂದಿರ್ಲಿಲ್ಲ. ಅದನ್ನ ಯಾರಿಗೂ ಹೇಳ್ಲಿಲ್ಲ, ಕಳ್ಳಿ. ಮೊದಲನೇ ದಿನ ಊಟಕ್ಕೆ ಕೂತ್ವಿ. ಅಬ್ಬಬ್ಬಾ, ಉಪ್ಪು! ಸಮುದ್ರದ ನೀರೇ ವಾಸಿ.”

“ಯಾರೂ ಹೇಳ್ಲಿಲ್ವಾ?” ಎಂದ ವ್ಯಾನಿನ ಡ್ರೈವರು. ಅವನೂ ಹತ್ತಿರ ಬಂದು ನಿಂತಿದ್ದ.

“ಯಾರು ಹೇಳ್ತಾರಪ್ಪಾ? ಅಷ್ಟು ದಿನ ಸಾವಿನ ಜೊತೆ ಗುದ್ದಾಡಿ ಬಂದಿದ್ಲು. ನಾನೂರು ಜನ ತಲೆ ಬಗ್ಗಿಸಿ ಉಂಡ್ವಿ. ಮ್ಯಾನೇಜರು ಎರಡನೇ ಸಲ ಬೇರೆ ಹಾಕಿಸ್ಕೊಂಡ್ರು, ಪಾಪ. ನಾಲ್ಕು ದಿನ ನಡೀತು. ಕೊನೆಗೆ ಕಂಡುಹಿಡಿದವಳು ಅವಳೇ. ಎರಡು ದಿನಕ್ಕೆ ಬರೋ ನೀರಿನ ಡ್ರಮ್ಮು ಮಧ್ಯಾಹ್ನ ಒಂದಕ್ಕೇ ಖಾಲಿ! ಡ್ರಮ್ಮು ತಟ್ಟಿ ನೋಡಿದ್ಲು. ನಮ್ಮ ಮುಖ ನೋಡಿದ್ಲು. ‘ರುಚಿ ಹೋಗಿದ್ದು ನನ್ನ ಬಾಯಿಂದ ಕಣ್ರೋ. ನಿಮ್ಮ ಬಾಯಿಗೇನಾಗಿತ್ತು ದೊಡ್ಡ ರೋಗ?’ ಅಂದ್ಲು.”

ಕಾರ್ಖಾನೆಯವರು ನಕ್ಕರು. ಚಿಕ್ಕಮ್ಮನೂ ಸೆರಗಿನ ಮರೆಯಲ್ಲಿ ನಕ್ಕಳು.

“ಅವತ್ತಿಂದ ರುಚಿ ನೋಡೋ ಕೆಲಸ ನನಗೆ. ಹನ್ನೊಂದಕ್ಕೆ ಲೇತು ನಿಲ್ಲಿಸಿ ಓಡ್ಬೇಕು. ‘ಉಪ್ಪು ಸರಿ ಇದೆ’ ಅಂದ್ರೆ ಸಾಲದು. ‘ಎಷ್ಟು ಸರಿ ಇದೆ?’ ಅಂತ ಕೇಳೋಳು. ನಾನು ಲೇತಿನಲ್ಲೂ ಅಷ್ಟು ಸೂಕ್ಷ್ಮವಾಗಿ ಅಳತೆ ಹಿಡಿದಿಲ್ಲ.”

ವಾಚಿನವನು ನಗಲು ಹೋದ. ತುಟಿಯ ಮೂಲೆ ಬಿರಿದು ರಕ್ತ ಒಸರಿತು. ಹೆಂಡತಿ ಒದ್ದೆ ಬಟ್ಟೆಯಿಂದ ಒತ್ತಿದಳು. ಅವನು ತನ್ನ ಕೈಯಲ್ಲಿದ್ದ ಫೋನನ್ನು ತಿರುಗಿಸಿ ನೋಡಿದ. ಮತ್ತೆ ತೊಡೆಯ ಮೇಲಿಟ್ಟ. ಮತ್ತೆ ನೋಡಿದ.

“ಯಾರಾದ್ರೂ ಫೋನ್ ಮಾಡ್ಬೇಕಿತ್ತಾ?” ಎಂದು ಮಗಳು ಕೇಳಿದಳು.

ಹೆಂಡತಿ ತಲೆ ತಗ್ಗಿಸಿದಳು. “ಹನ್ನೊಂದೂಮುಕ್ಕಾಲು ಅಲ್ವಾ. ದಿನಾ ಈ ಹೊತ್ತಿಗೆ ಅಮ್ಮಾವ್ರು ಫೋನ್ ಮಾಡೋರು. ‘ಔಷಧಿ ತೆಗೆದಿಟ್ಕೋ, ಹನ್ನೆರಡಕ್ಕೆ ತುತ್ತು’ ಅಂತ. ಅಷ್ಟೇ ಮಾತು. ಆಮೇಲೆ ಫೋನ್ ಇಡ್ತಿರ್ಲಿಲ್ಲ. ಇವರು ತಿಂದು ಮುಗಿಸೋವರೆಗೂ ಆ ಕಡೆ ಸುಮ್ನೆ ಇರೋರು. ಒಂದು ದಿನ ನಾನೇ ಕೇಳ್ದೆ, ಯಾಕೆ ಏನೂ ಮಾತಾಡಲ್ಲ ಅಂತ. ‘ನನ್ನ ಮಗಳ ವಿದ್ಯೆ ಇದು. ಅವಳು ತಿನ್ನು ಅಂತ ಒಂದು ಸಲವೂ ಹೇಳ್ಲಿಲ್ಲ, ಎದ್ದೂ ಹೋಗ್ಲಿಲ್ಲ. ಅದಕ್ಕೇ ನಾನು ಬದುಕಿದೆ’ ಅಂದ್ರು.”

ಗೋಡೆಯ ನೆರಳಿನಲ್ಲಿದ್ದ ಕೆನ್ನೆ ಕುಸಿದ ಹೆಂಗಸು ತಲೆಯಾಡಿಸಿದಳು. “ನನಗೂ ಹೇಳಿದ್ರು. ನಮ್ಮಲ್ಲಿ ಎಲ್ಲರಿಗೂ ಗೊತ್ತು ನೀವು.”

ಮಗಳು ಆ ಅರ್ಧ ಗಂಟೆಯನ್ನು ಇಷ್ಟು ವರ್ಷವೂ ತನ್ನ ಕೆಟ್ಟ ಕೋಪವೆಂದೇ ನೆನಪಿಟ್ಟುಕೊಂಡಿದ್ದಳು. ಅವಳು ತಾಯಿಯ ಮುಖದ ಕಡೆ ಒಮ್ಮೆ ನೋಡಿದಳು. ಆಮೇಲೆ ವಾಚಿನವನ ಹೆಂಡತಿಯ ಚೀಲದ ಕಡೆ.

“ಔಷಧಿ ತಂದಿದೀರಾ?”

“ಇದೆ.”

“ನಾನು ಕೂಗಿದ ಮೇಲೆ ಕೊಡಿ. ಮೊದಲೇ ಬೇಡ, ಅರ್ಧ ಗಂಟೆ ವ್ಯರ್ಥ ಆಗುತ್ತೆ.”

ಅವಳು ಮೂರು ಮಹಡಿ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಹಾಲಿಗೆ ಓಟ್ಸ್ ಹಾಕಿ ಕುದಿಸಿ, ಜಾಲರಿಯಲ್ಲಿ ಸೋಸಿ, ಬೆಣ್ಣೆ ಬೆರೆಸಿ, ಬಟ್ಟಲನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ತಿರುವಿದಳು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದಳು. ಇನ್ನೂ ಬಿಸಿ. ನೀರು ಬದಲಾಯಿಸಿದಳು. ಎರಡನೇ ಹನಿಯ ಬಿಸಿಯೂ ತಣುಪೂ ತಿಳಿಯದಾದಾಗ ಕಿಟಕಿಯಿಂದ ಬಗ್ಗಿ ಕೂಗಿದಳು. “ಈಗ ಹಾಕ್ಕೊಳ್ಳಿ!”

ಅವಳು ಕೆಳಗೆ ಬರುವ ಹೊತ್ತಿಗೆ ಹನ್ನೆರಡು ಹೊಡೆದಿತ್ತು. ಸೌಟಕ್ಕನನ್ನು ವ್ಯಾನಿಗೆ ಏರಿಸಿಯಾಗಿತ್ತು. ಇಂಜಿನ್ನು ಗುರುಗುಡುತ್ತಿತ್ತು.

“ಎಲ್ಲಿ ಹೋಗಿದ್ಯೇ?” ಎಂದಳು ಚಿಕ್ಕಮ್ಮ. “ವ್ಯಾನು ಹತ್ತು, ಹತ್ತು. ಹೊತ್ತಾಯ್ತು.”

“ಅರ್ಧ ಗಂಟೆ ತಡ ಆಗುತ್ತೆ.” ಮಗಳು ವಾಚಿನವನ ಎದುರಿಗೆ ಕುರ್ಚಿ ಎಳೆದುಕೊಂಡಳು. “ಇವರು ಊಟ ಮಾಡ್ಬೇಕು.”

“ಊಟಾನಾ? ಹೋಗಿ ಬಂದ ಮೇಲೆ ಮಾಡ್ಲಿ!”

“ಆಗ ಮರಗಟ್ಟು ಇಳಿದು ಬಾಯಿ ಉರಿಯುತ್ತೆ. ಮತ್ತೆ ನಾಲ್ಕು ಗಂಟೆ ಔಷಧಿ ಹಾಕೋ ಹಾಗಿಲ್ಲ. ನಾಳೆ ಬೆಳಿಗ್ಗೆ ತೂಕ.”

“ಏನು ಮಾತಾಡ್ತಿದೀಯಾ? ಒಬ್ಬರು ತಿನ್ನೋವರೆಗೂ ಹೆಣ ಕಾಯ್ಬೇಕಾ?”

ವಾಚಿನವನು ಏಳಲು ಹೋದ, ಕೈ ಅಲ್ಲಾಡಿಸಿದ, ಬೇಡ ಬೇಡ ಎಂದು. ಮಗಳು ಅವನ ಮೊಣಕಾಲ ಮೇಲೆ ಬಟ್ಟಲನ್ನೇ ಇಟ್ಟುಬಿಟ್ಟಳು. ಎದ್ದರೆ ಚೆಲ್ಲುತ್ತದೆ.

“ಮೂವತ್ತಾರು ವರ್ಷ ನಾನೂರು ಜನ ಉಂಡು ಏಳೋವರೆಗೂ ಅಮ್ಮ ಕಾದಿದಾಳೆ, ಚಿಕ್ಕಮ್ಮ. ಇನ್ನೊಬ್ಬರಿಗೆ ಕಾಯಲ್ವಾ?”

ಚಿಕ್ಕಮ್ಮ ಹೋಗಿ ವ್ಯಾನಿನ ಹಿಂಬಾಗಿಲ ಬಳಿ ಅಕ್ಕನ ಪಕ್ಕ ನಿಂತುಕೊಂಡಳು.

“ಪಾಳಿ ಇರೋರು ಹೊರಡಿ,” ಎಂದರು ಲೇತ್ ಮಾವ. “ಮೂರೂವರೆ ಅಂದ್ರೆ ನಿಮಗೆ ಅರ್ಧ ದಿನದ ಸಂಬಳ ಹೋಯ್ತು. ಯಾರೂ ಏನೂ ಅನ್ಕೊಳ್ಳಲ್ಲ.”

ಒಬ್ಬ ಬಂದು ವ್ಯಾನಿನ ಬಾಗಿಲು ಮುಟ್ಟಿ, ಯಾರನ್ನೂ ನೋಡದೆ ಗೇಟು ದಾಟಿ ಹೋದ. ಉಳಿದವರು ನಿಂತಲ್ಲೇ ನಿಂತರು.

ವಾಚಿನವನು ಮೊದಲ ಚಮಚ ಬಾಯಿಗಿಟ್ಟ. ಗಂಟಲು ಮೇಲೆ ಬಂತು, ಅಲ್ಲೇ ನಿಂತಿತು, ಕೆಳಗಿಳಿಯಿತು. ಕಣ್ಣಿನಲ್ಲಿ ನೀರು ತುಂಬಿತು. ಎರಡನೆಯದನ್ನು ಅರ್ಧಕ್ಕೆ ಎತ್ತಿ ಸುತ್ತ ನೋಡಿದ. ಐವತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಚಮಚ ಬಟ್ಟಲಿಗೆ ವಾಪಸಾಯಿತು.

ಆಗ ಲೇತ್ ಮಾವ ಬೆನ್ನು ತಿರುಗಿಸಿ ನಿಂತರು. ಪಕ್ಕದವನೂ ತಿರುಗಿದ. ಒಬ್ಬೊಬ್ಬರಾಗಿ ಇಡೀ ಅಂಗಳ ಗೋಡೆಗೆ, ರಸ್ತೆಗೆ, ವ್ಯಾನಿಗೆ ಮುಖ ಮಾಡಿತು. ಡ್ರೈವರು ಇಂಜಿನ್ ಆರಿಸಿ, ಸ್ಮಶಾನದವರಿಗೆ ಫೋನು ಮಾಡಿ, “ಮೂರೂವರೆಗೆ ಹಾಕಿ, ಇಲ್ಲಿ ಊಟ ನಡೀತಿದೆ,” ಎಂದ.

ಮಗಳು ಕೈಕಟ್ಟಿ ಕೂತಿದ್ದಳು. ಆದರೆ ಅವನು ಚಮಚ ಎತ್ತಲಿಲ್ಲ. ಬರೀ ಸುಮ್ಮನಿರುವುದು ತಾಯಿಗೆ ಸಾಕಾಗಿತ್ತು, ಇವನಿಗೆ ಸಾಲದು ಎನ್ನಿಸಿತು ಅವಳಿಗೆ. ದಿನಾ ಬಾಯಲ್ಲಿ ಬರುವುದೇ ಬಂತು.

“ಡಿಪೋ.”

ಅವನು ತಲೆಯೆತ್ತಿದ.

“ನನ್ನ ಬಸ್ಸಿನ ಸ್ಟಾಪು. ಡಿಪೋ ಬಿಟ್ವಿ. ಮುಂದೆ ಅಂಚೆ ಕಚೇರಿ.”

ಅವನು ಅವಳನ್ನೇ ನೋಡಿದ. ಚಮಚ ಬಾಯಿಗೆ ಹೋಯಿತು. ನುಂಗಲು ಬಹಳ ಹೊತ್ತು ಹಿಡಿಯಿತು. ಅವಳು ಬಸ್ಸು ನಿಂತಿರುವಾಗ ಕಾಯುವ ಹಾಗೆಯೇ ಕಾದಳು.

“ಅಂಚೆ ಕಚೇರಿ ಆಯ್ತು. ಹಳೇ ಸೇತುವೆ.”

ಇನ್ನೊಂದು.

“ಹೆಣ್ಮಕ್ಕಳ ಶಾಲೆ. ಇಲ್ಲಿ ಸ್ವಲ್ಪ ತಡ ಆಗುತ್ತೆ, ಎಲ್ಲಾ ಒಟ್ಟಿಗೆ ಹತ್ತುತ್ವೆ.”

ಅವನ ಮೂಗಿನಿಂದ ನಗುವಿನಂಥ ಗಾಳಿ ಹೊರಟಿತು. ನೀರು ಗುಟುಕರಿಸಿದ. ಬಟ್ಟೆ ಅಂಗಡಿ, ನ್ಯಾಯಾಲಯ, ಹಾಲಿನ ಡೈರಿ. ಅರ್ಧ ಬಟ್ಟಲು ಇಳಿದಾಗ ಅವನು ನಾಲಿಗೆಗೆ ತಾಗದ ಹಾಗೆ, ಒಡೆದ ದನಿಯಲ್ಲಿ ಕೇಳಿದ. “ಇನ್ನೆಷ್ಟು?”

“ಈ ಟ್ರಿಪ್ಪಿಗೆ ಒಂಬತ್ತು. ಮಿಕ್ಕಿದ್ದು ನಾಳೆ, ಆಸ್ಪತ್ರೆ ಬೆಂಚಲ್ಲಿ. ಎಂಟೂವರೆಗೆ ಬರ್ತೀನಿ.”

ಅವನು ಇಲ್ಲ ಎನ್ನಲಿಲ್ಲ. ಹೆಂಡತಿ ಚೀಲದಲ್ಲಿ ಏನೋ ಹುಡುಕುವವಳ ಹಾಗೆ ತಲೆ ಬಗ್ಗಿಸಿಕೊಂಡಳು.

“ತರಕಾರಿ ಮಾರ್ಕೆಟ್ಟು,” ಎಂದಳು ಮಗಳು. “ಆಮೇಲೆ... ಆಮೇಲೆ ಪೈಪು ಕಾರ್ಖಾನೆ ಗೇಟು.”

ಅಲ್ಲಿಗೆ ಅವಳ ದನಿ ನಿಂತುಹೋಯಿತು. ಮುಂದಿನ ಹೆಸರು ಬಾಯಿಗೆ ಬರಲಿಲ್ಲ. ಚಮಚ ಗಾಳಿಯಲ್ಲಿ ಕಾಯುತ್ತಿತ್ತು.

“ನೀರಿನ ಟ್ಯಾಂಕು,” ಎಂದರು ಲೇತ್ ಮಾವ, ತಿರುಗದೆ.

ಅವನು ನುಂಗಿದ.

“ಪೊಲೀಸ್ ಠಾಣೆ,” ಎಂದಿತು ಇನ್ನೊಂದು ಬೆನ್ನು.